ಫ್ರಿಜ್ ಉಪ್ಪಿನಕಾಯಿ ವಾರಕ್ಕೇ ಲೋಳೆಯಾಯ್ತು, ಯಾಕೆ?

ಪ್ರಶ್ನೆ (ದಾವಣಗೆರೆಯಿಂದ):
ಮೇಡಂ, ನಮಸ್ತೆ. ಅಮೆರಿಕದವರ ಒಂದು ವಿಡಿಯೋ ನೋಡಿ ಸೌತೆಕಾಯಿ, ಈರುಳ್ಳಿಯ ಫ್ರಿಜ್ ಉಪ್ಪಿನಕಾಯಿ ಹಾಕಿದ್ದೆ. ಒಂದು ಲೋಟ ವಿನೆಗರ್‌ಗೆ ಒಂದು ಲೋಟ ನೀರು, ಸ್ವಲ್ಪ ಉಪ್ಪು, ಸಕ್ಕರೆ, ಅಷ್ಟೆ. ಅಮ್ಮ ಮಾವಿನಕಾಯಿ ಹಾಕಿದಾಗ ಜಾಡೀನ ಹೊರಗೇ ಇಡ್ತಾರಲ್ಲ, ಹಾಗೆ ರಸ ಹಿಡೀಲಿ ಅಂತ ಎರಡು ದಿನ ಊಟದ ಮೇಜಿನ ಮೇಲಿಟ್ಟು ಆಮೇಲೆ ಫ್ರಿಜ್‌ಗೆ ಸೇರಿಸಿದೆ. ವಾರದೊಳಗೆ ರಸ ಕದಡಿಹೋಯ್ತು, ಸೌತೆಕಾಯಿ ಮುಟ್ಟಿದರೆ ಲೋಳೆ ಲೋಳೆ. ವಾಸನೆಯೇನೂ ಕೆಟ್ಟಿಲ್ಲ. ತೊಳೆದು ಹೊಸ ವಿನೆಗರ್ ಹಾಕಿದರೆ ಸರಿಹೋಗುತ್ತಾ?

ಉತ್ತರ:
ಇಲ್ಲಮ್ಮ, ಅದನ್ನು ಚೆಲ್ಲಿಬಿಡಿ. ರುಚಿ ನೋಡಿ ತೀರ್ಮಾನಿಸೋಣ ಅಂತಲೂ ಬೇಡ. ಲೋಳೆ ಬಂದ ಮೇಲೆ ತೊಳೆದರೂ ಹೋಗುವುದು ಮೇಲಿನದು ಮಾತ್ರ.

ನಾನು ಮಿಡಿಸೌತೆ ರಫ್ತು ಮಾಡುವ ಘಟಕವೊಂದರ ಲ್ಯಾಬ್‌ನಲ್ಲಿ ಹದಿನಾಲ್ಕು ವರ್ಷ ಇದ್ದವಳು. ನಮ್ಮ ರಾಜ್ಯದ ರೈತರು ಬೆಳೆಯುವ ಆ ಪುಟ್ಟ ಸೌತೆ ವಿನೆಗರ್ ರಸದಲ್ಲಿ ಮುಳುಗಿ ಯುರೋಪ್, ಅಮೆರಿಕಕ್ಕೆ ಹೋಗುತ್ತದೆ. ಅಲ್ಲಿ ದಿನವೂ ನನ್ನ ಕೆಲಸ ಒಂದೇ: ರಸದ ಹುಳಿ ಅಳೆಯುವುದು. ಹಾಗಾಗಿ ನಿಮ್ಮ ಪ್ರಶ್ನೆ ಓದಿದ ಕೂಡಲೇ ಕಣ್ಣು ಹೋಗಿದ್ದು ಆ "ಲೋಟಕ್ಕೆ ಲೋಟ ನೀರು" ಅನ್ನುವುದರ ಮೇಲೆ.

ಅಮೆರಿಕದ ಅಂಗಡಿಯಲ್ಲಿ ಸಿಗುವ ವಿನೆಗರ್ ಸಾಮಾನ್ಯವಾಗಿ 5% ಹುಳಿಯದು. ಸಮಸಮ ನೀರು ಬೆರೆಸಿದರೂ 2.5% ಉಳಿಯುತ್ತದೆ. ನಿಮ್ಮ ಅಡುಗೆಮನೆಯ ಬಾಟಲಿ ತಿರುಗಿಸಿ ನೋಡಿ. ನಮ್ಮಲ್ಲಿ ಸಿಗುವ ಬಿಳಿ ಸಿಂಥೆಟಿಕ್ ವಿನೆಗರ್ ಬಹಳಷ್ಟು 4% ಇರುತ್ತದೆ. ಅದಕ್ಕೆ ಸಮ ನೀರು ಹಾಕಿದರೆ 2%. ಮೇಲಿಂದ ಸೌತೆಕಾಯಿ ತನ್ನ ನೀರನ್ನೂ ಬಿಡುತ್ತದೆ. ರಸ ಇನ್ನೂ ತೆಳುವಾಯಿತು.

ಎರಡನೆಯದು, ಹೊರಗಿಟ್ಟದ್ದು. ಅಮ್ಮನ ಮಾವಿನಕಾಯಿ ಹೊರಗಿದ್ದೂ ಕೆಡುವುದಿಲ್ಲ, ಯಾಕೆಂದರೆ ಅದನ್ನು ಕಾಯುವುದು ಉಪ್ಪು. ಮಲೆನಾಡಿನಲ್ಲಿ ಅಪ್ಪೆಮಿಡಿಯನ್ನು ಚಿರುಟಿಕೊಳ್ಳುವ ತನಕ ಉಪ್ಪಿನಲ್ಲಿ ಹೂತಿಡುತ್ತಾರೆ. ಕಾಯಿಯ ನೀರೆಲ್ಲ ಹೊರಗೆ ಬರುತ್ತದೆ, ಬ್ಯಾಕ್ಟೀರಿಯಾಕ್ಕೆ ಬದುಕಲು ಬೇಕಾದ ನೀರೇ ಸಿಗುವುದಿಲ್ಲ. ನೀವು ಹಾಕಿದ್ದರಲ್ಲಿ ಉಪ್ಪು ಇರುವುದು ಬಾಯಿರುಚಿಗೆ ಮಾತ್ರ. ಅದನ್ನು ಕಾಯುವವರು ಇಬ್ಬರೇ, ಹುಳಿ ಮತ್ತು ತಂಪು. ನೀವು ಹುಳಿಯನ್ನು ತೆಳುಮಾಡಿದಿರಿ, ತಂಪನ್ನು ಎರಡು ದಿನ ದೂರವಿಟ್ಟಿರಿ. ಹೆಸರಿನಲ್ಲಿ ಉಪ್ಪಿನಕಾಯಿ ಅಂತ ಇರುವುದರಿಂದ ಎಷ್ಟೋ ಜನ ಹೀಗೇ ಮೋಸಹೋಗುತ್ತಾರೆ, ನೀವೊಬ್ಬರೇ ಅಲ್ಲ.

ಇನ್ನು ಸರಿಯಾಗಿ ಹಾಕುವುದು. 4% ವಿನೆಗರ್ 200 ಎಂಎಲ್, ನೀರು 100 ಎಂಎಲ್, ಒಂದು ಚಿಕ್ಕ ಚಮಚ ಉಪ್ಪು, ಎರಡು ಚಮಚ ಸಕ್ಕರೆ. ಸ್ಟೀಲ್ ಪಾತ್ರೆಯಲ್ಲಿ ಒಂದು ಕುದಿ ಬರಿಸಿ, ಅಲ್ಯೂಮಿನಿಯಂ ಹಿತ್ತಾಳೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಕಾಲು ಕಿಲೋ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಗಾಜಿನ ಬಾಟಲಿಗೆ ತುಂಬಿ, ನಾಲ್ಕು ಕಾಳುಮೆಣಸು, ಅರ್ಧ ಚಮಚ ಸಾಸಿವೆ ಹಾಕಿ ಬಿಸಿ ರಸ ಹೊಯ್ಯಿರಿ. ಬಾಟಲಿಯನ್ನು ಮೊದಲೇ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ತಣ್ಣನೆ ಗಾಜಿಗೆ ಕುದಿರಸ ಹೊಯ್ದು ನನ್ನ ಕೈಯಲ್ಲೇ ಒಂದು ಬಾಟಲಿ ಸೀಳಿದೆ. ಹೋಳು ಪೂರ್ತಿ ಮುಳುಗಿರಬೇಕು. ಉಗುರುಬೆಚ್ಚಗಾದ ಕೂಡಲೇ ಫ್ರಿಜ್‌ಗೆ, 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ. ಈರುಳ್ಳಿ ಒಂದು ಗಂಟೆಗೇ ತಿನ್ನಲು ಬರುತ್ತದೆ. ಕ್ಯಾರೆಟ್‌ಗೆ ಎರಡು ಮೂರು ದಿನ ಬೇಕು. ಎರಡು ವಾರದೊಳಗೆ ಮುಗಿಸಿ.

ಸೌತೆಕಾಯಿ ಹಾಕುವುದಾದರೆ ಹೂವಿದ್ದ ತುದಿಯನ್ನು ಒಂದು ಕಾಳಿನಷ್ಟಾದರೂ ಕತ್ತರಿಸಿ ತೆಗೆಯಿರಿ, ತೊಟ್ಟಿನ ಕಡೆಯದಲ್ಲ, ಅದರ ಎದುರಿನದು. ಕಾಯಿಯನ್ನು ಮೆತ್ತಗೆ ಮಾಡುವ ಕಿಣ್ವ ಅಲ್ಲೇ ಕೂತಿರುತ್ತದೆ. ಘಟಕದಲ್ಲಿ ಒಣಗಿದ ಹೂವು ಅಂಟಿಕೊಂಡ ಕಾಯಿ ಬಂದರೆ ಅದನ್ನು ಬಿಡಿಸಿಯೇ ಮುಂದೆ ಕಳಿಸುತ್ತಿದ್ದೆವು.

ಪ್ರಶ್ನೆ (ಹುಬ್ಬಳ್ಳಿಯಿಂದ):
ಮೇಡಮ್ಮಾರ, ನಮ್ಮ ಮನ್ಯಾಗ ವಿನೆಗರ್ ನಡಂಗಿಲ್ರಿ. ಲಿಂಬಿಹಣ್ಣಿನ ರಸ ಹಾಕಿದ್ರ ಆಗ್ತದೇನ್ರಿ? ಹಿಂದಕ ಒಮ್ಮೆ ಹಂಗ ಹಾಕಿದ್ದೆ, ಬಳ್ಳೊಳ್ಳಿ ಎಲ್ಲಾ ಹಸಿರು-ನೀಲಿ ಆಗಿತ್ತು. ವಿಷ ಆಗ್ಯಾದ ಅಂತ ಅಂಜಿ ಒಗದ್ವಿ.

ಉತ್ತರ:
ಆಗುತ್ತದೆ ಅಕ್ಕಾ. ನಿಮ್ಮ ಕಡೆ ಹಸಿ ಉಪ್ಪಿನಕಾಯಿ ಮಾಡುತ್ತೀರಲ್ಲ, ಅಂದು ಮಾಡಿ ನಾಲ್ಕಾರು ದಿನದಲ್ಲಿ ತಿಂದು ಮುಗಿಸುವುದು, ಅದರ ಜಾತಿಯದೇ ಇದು. ನಿಂಬೆರಸಕ್ಕೆ ನೀರು ಬೆರೆಸಬೇಡಿ, ಕುದಿಸಬೇಡಿ, ಕಹಿಯಾಗುತ್ತದೆ. ಹಣ್ಣಿನಿಂದ ಹಣ್ಣಿಗೆ ಹುಳಿ ಬೇರೆ ಇರುವುದರಿಂದ ನಾನು ಒಂದು ವಾರಕ್ಕಿಂತ ಹೆಚ್ಚು ಇಡಲು ಹೇಳುವುದಿಲ್ಲ.

ಬೆಳ್ಳುಳ್ಳಿ ನೀಲಿಯಾದದ್ದು ವಿಷವಲ್ಲ. ಅದರ ಗಂಧಕದ ಅಂಶ ಹುಳಿಯಲ್ಲಿ ಅಮೈನೋ ಆಮ್ಲಗಳ ಜೊತೆ ಸೇರಿ ಆ ಬಣ್ಣ ತರುತ್ತದೆ. ಬೇರೇನೂ ಕೆಟ್ಟಿರದಿದ್ದರೆ ತಿನ್ನಬಹುದಿತ್ತು. ನಾನು ನಿಜವಾಗಿ ಹೆದರುವುದು ಬೇರೆ ಬೆಳ್ಳುಳ್ಳಿಗೆ: ಹುಳಿಯೇ ಇಲ್ಲದೆ ಹಸಿ ಎಸಳನ್ನು ಎಣ್ಣೆಯಲ್ಲಿ ಮುಳುಗಿಸಿ ಕಟ್ಟೆಯ ಮೇಲೆ ವಾರಗಟ್ಟಲೆ ಇಡುವುದು. ಗಾಳಿಯಾಡದ, ಹುಳಿಯಿಲ್ಲದ ಜಾಗದಲ್ಲಿ ಬಾಟುಲಿಸಂ ಅನ್ನುವ, ಜೀವಕ್ಕೇ ಅಪಾಯವಾಗುವ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು; ಅದು 4.6ಕ್ಕಿಂತ ಕೆಳಗಿದ್ದರೆ ಆ ಬ್ಯಾಕ್ಟೀರಿಯಾಕ್ಕೆ ಬೆಳೆಯಲಾಗದು. ಬೆಳೆದರೆ ವಾಸನೆಯಲ್ಲಿ, ರುಚಿಯಲ್ಲಿ ಗೊತ್ತಾಗಲೇಬೇಕು ಅಂತಿಲ್ಲ. ಮೊದಲು ಕೇಳಿದವರಿಗೆ ರುಚಿ ನೋಡಬೇಡಿ ಅಂದದ್ದು ಇದಕ್ಕೇ.

ಪ್ರಶ್ನೆ (ಮೈಸೂರಿನಿಂದ):
ನಮ್ಮತ್ತೆಗೆ ಬಿಪಿ. ಉಪ್ಪಿನಕಾಯಿ ಬಿಡಿ ಅಂತ ಡಾಕ್ಟರ್ ಹೇಳಿದಾಗಿನಿಂದ ಮೊಸರನ್ನ ಮುಂದಿಟ್ಟುಕೊಂಡು ಸುಮ್ಮನೆ ಕೂರ್ತಾರೆ. ಇದರಲ್ಲಿ ಉಪ್ಪು ಕಡಿಮೆ ಮಾಡಬಹುದಾ?

ಉತ್ತರ:
ಖಂಡಿತ ಮಾಡಬಹುದು. ಈ ವಿಧಾನ ನನಗೆ ಇಷ್ಟವಾಗುವುದೇ ಇದಕ್ಕೆ. ಉಪ್ಪು ಇಲ್ಲಿ ಕಾವಲಿಗಿಲ್ಲವಾದ್ದರಿಂದ ಅರ್ಧ ಮಾಡಿ, ಕಾಲು ಮಾಡಿ, ಪೂರ್ತಿ ಬಿಟ್ಟರೂ ಸರಿ. ವಿನೆಗರ್ ಮಾತ್ರ ಒಂದು ಚಮಚವೂ ಇಳಿಸಬೇಡಿ. ಉಪ್ಪು ಕಮ್ಮಿಯಾದಾಗ ಸಪ್ಪೆ ಅನಿಸದಿರಲು ಶುಂಠಿಯನ್ನು ಕಡ್ಡಿ ಕಡ್ಡಿಯಾಗಿ ಹೆಚ್ಚಿ ಹಾಕಿ, ಒಂದು ಹಸಿಮೆಣಸು ಸೀಳಿ ಹಾಕಿ. ಕ್ಯಾರೆಟ್ ಚೆನ್ನಾಗಿರುತ್ತದೆ, ಮೊಸರನ್ನದ ಜೊತೆ ಕರಕರ ಅನ್ನುತ್ತದೆ. ದಿನಕ್ಕೆ ಎಷ್ಟು ಅನ್ನುವುದನ್ನು ಡಾಕ್ಟರ ಹತ್ತಿರ ಒಂದು ಮಾತು ಕೇಳಿ. ಜಾಡಿಯಲ್ಲಿ ಹೊರಗಿಡುವ ಮಾಮೂಲಿ ಉಪ್ಪಿನಕಾಯಿಯಲ್ಲಿ ಮಾತ್ರ ಹೀಗೆ ಉಪ್ಪು ಇಳಿಸಲು ಹೋಗಬೇಡಿ, ಬೂಷ್ಟು ಬರುತ್ತದೆ.

ಪ್ರಶ್ನೆ (ನ್ಯೂಜೆರ್ಸಿಯಿಂದ):
ಇಲ್ಲಿ 5% ವಿನೆಗರ್ ಸಿಗುತ್ತೆ, ಹಾಗಾದರೆ ನನಗೆ ಸಮಸಮ ಸರಿ ತಾನೆ? ಈರುಳ್ಳಿ ಮುಗಿದ ಮೇಲೆ ಉಳಿದ ರಸಕ್ಕೇ ಮತ್ತೆ ತರಕಾರಿ ಹಾಕಬಹುದಾ?

ಉತ್ತರ:
ನಿಮಗೆ ಸಮಸಮ ಸರಿ. ಹಳೆಯ ರಸಕ್ಕೆ ಹೊಸ ತರಕಾರಿ ಬೇಡ, ಮೊದಲ ಈರುಳ್ಳಿ ಬಿಟ್ಟ ನೀರಿನಿಂದ ಅದರ ಹುಳಿ ಆಗಲೇ ಇಳಿದಿರುತ್ತದೆ. ಚೆಲ್ಲಲು ಮನಸ್ಸು ಬಾರದಿದ್ದರೆ ಹೆಸರುಬೇಳೆ ಕೋಸಂಬರಿಗೆ ನಿಂಬೆಯ ಬದಲು ಎರಡು ಚಮಚ ಹಾಕಿ.

ಮೊದಲು ಕೇಳಿದವರು:
ಚೆಲ್ಲಿದೆ ಮೇಡಂ. ನೀವು ಹೇಳಿದ ಅಳತೆಯಲ್ಲಿ ಬೆಳಿಗ್ಗೆ ಈರುಳ್ಳಿ ಹಾಕಿದೆ. ಮಧ್ಯಾಹ್ನ ನೋಡಿದರೆ ರಸವೆಲ್ಲ ಗುಲಾಬಿ! ಬಣ್ಣ ಹಾಕಿದ್ಯಾ ಅಂತ ಮಗಳು ಕೇಳಿದಳು. ಇಷ್ಟು ಬಣ್ಣ ಬರಬೇಕಾ? ನಮ್ಮಲ್ಲಿ ಕರೆಂಟ್ ಬೇರೆ ಆಗಾಗ ಹೋಗುತ್ತೆ.

ಉತ್ತರ:
ಬರಲೇಬೇಕು. ಕೆಂಪು ಈರುಳ್ಳಿಯ ಸಿಪ್ಪೆಯ ಹತ್ತಿರದ ನೇರಳೆ ಬಣ್ಣ ಹುಳಿಗೆ ಸಿಕ್ಕಿದರೆ ಗುಲಾಬಿಗೆ ತಿರುಗುತ್ತದೆ. ನಿಮ್ಮ ಮೊದಲ ಬಾಟಲಿಯೂ ಒಂದಿಷ್ಟು ಗುಲಾಬಿಯಾಗಿಯೇ ಇದ್ದಿರಬೇಕು, ಹಾಗಾಗಿ ಬಣ್ಣವನ್ನೇ ನಂಬಿ ಕೂರಬೇಡಿ, ಅಳತೆಯನ್ನು ನಂಬಿ. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಂಪು ನಿಲ್ಲುತ್ತದೆ. ಒಣ ಚಮಚವನ್ನೇ ಅದ್ದಿ, ಮೊಸರನ್ನದ ಚಮಚ ಬೇಡ. ಬಾಟಲಿಗೆ ಚೀಟಿ ಅಂಟಿಸಿ ಇವತ್ತಿನ ತಾರೀಖು ಬರೆದಿರಾ?