ವಿಂಡೋಸ್ ಇರೋ ಲ್ಯಾಪ್‌ಟಾಪಿಗೇ ಉಬುಂಟು ಹಾಕ್ಬೇಕು, ಡೇಟಾ ಹೋಗಲ್ವಾ?

ಪ್ರಶ್ನೆ: ಎಲ್ರಿಗೂ ನಮಸ್ಕಾರ. ಇಂಜಿನಿಯರಿಂಗ್ ಮೂರನೇ ಸೆಮ್ ನಾನು, ಲ್ಯಾಬಲ್ಲಿ ಪೂರ್ತಿ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್), ಮನೇಲಿ ವಿಂಡೋಸ್ 11 ಲ್ಯಾಪ್‌ಟಾಪು, 512 ಜಿಬಿ ಎಸ್‌ಎಸ್‌ಡಿ, ಅರ್ಧ ಖಾಲಿ ಇದೆ. ಎರಡೂ ಒಂದ್ರಲ್ಲೇ ಇಟ್ಕೋಬೇಕು ಅಂತ ಆಸೆ. ಆದ್ರೆ ನನ್ ಫ್ರೆಂಡ್ ಹಿಂಗೇ ಹಾಕೋಕೆ ಹೋಗಿ, ಬಯೋಸಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ಬರೋ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇರೋ ಸಾಫ್ಟ್‌ವೇರ್ ಮಾತ್ರ ಬೂಟ್ ಆಗೋಕೆ ಬಿಡೋ ಕಾವಲು) ಆಫ್ ಮಾಡಿದ್ದೇ ತಡ, ನೀಲಿ ಸ್ಕ್ರೀನ್ ಬಂದು ಅದೇನೋ ಕೀ ಕೊಡು ಅಂತ ಕೂತ್ಬಿಟ್ಟಿದೆ, ಪ್ರಾಜೆಕ್ಟ್ ಫೈಲೆಲ್ಲ ಒಳಗೇ ಇದೆ. ಇದೇ ಕೆಲ್ಸದಲ್ಲಿರೋರು ಹೇಳಿ ಸರ್, ಹಾಕ್ಲಾ ಬೇಡ್ವಾ?

ಉತ್ತರ (ಸಿಸ್ಟಮ್ ಅಡ್ಮಿನ್): ಖಂಡಿತ ಹಾಕಿ. ಮೊದ್ಲು ಫ್ರೆಂಡ್ ವಿಷಯ, ಅವ್ರ ಡೇಟಾ ಎಲ್ಲೂ ಹೋಗಿಲ್ಲ, ಗಾಬರಿಯಾಗಿ ಫಾರ್ಮ್ಯಾಟ್ ಮಾತ್ರ ಹೊಡೀಬೇಡಿ ಅಂತ ಈಗ್ಲೇ ಫೋನ್ ಮಾಡಿ ಹೇಳಿ. ಅದು ಬಿಟ್‌ಲಾಕರ್, ಕೀ ಇಲ್ದೆ ಡಿಸ್ಕ್ ಓದೋಕಾಗದ ಹಾಗೆ ಬೀಗ ಹಾಕೋ (ಎನ್‌ಕ್ರಿಪ್ಶನ್) ವಿಂಡೋಸ್ ಸೌಲಭ್ಯ. ಈಗಿನ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೆಟಪ್ ಮಾಡಿದ್ರೆ ಡಿಸ್ಕ್ ಎನ್‌ಕ್ರಿಪ್ಶನ್ ಬಹಳ ಸಲ ತಾನಾಗೇ ಆನ್ ಆಗಿರುತ್ತೆ, ಸೆಕ್ಯೂರ್ ಬೂಟ್ ಬದಲಾಯ್ಸಿದ ತಕ್ಷಣ ಆ ಬೀಗದ ಕೀ ಕಾಯೋ ಟಿಪಿಎಂ ಚಿಪ್ಪು ಬೀಗ ತೆಗೆಯಲ್ಲ ಅಂತ ಕೂರುತ್ತೆ, ಆಗ 48 ಅಂಕಿಯ ರಿಕವರಿ ಕೀ ಬೇಕು. ಫೋನಲ್ಲೇ ಅದೇ ಅಕೌಂಟಿಗೆ ಲಾಗಿನ್ ಆದ್ರೆ ಡಿವೈಸ್ ಪುಟದಲ್ಲಿ ಕೀ ಸಿಗ್ಬೇಕು, ನೀಲಿ ಸ್ಕ್ರೀನಲ್ಲಿರೋ ಕೀ ಐಡಿ ಜೊತೆ ತಾಳೆ ನೋಡಿ ಟೈಪ್ ಮಾಡ್ಲಿ.

ಈಗ ನಿಮ್ದು. ಉಬುಂಟು ಇನ್‌ಸ್ಟಾಲರ್ ಇರೋ ಪೆನ್‌ಡ್ರೈವ್ ಮುಟ್ಟೋ ಮುಂಚೆ ವಿಂಡೋಸ್ ಒಳಗೇ ಮುಕ್ಕಾಲು ಕೆಲ್ಸ ಇದೆ, ಜನ ಇದನ್ನೇ ಬಿಟ್ಟು ಸೀದಾ ಇನ್‌ಸ್ಟಾಲಿಗೆ ಹೋಗ್ತಾರೆ, ಆಮೇಲೆ ಅಳ್ತಾರೆ. ಬ್ಯಾಕಪ್ ಬೇರೆ ಹಾರ್ಡ್‌ಡಿಸ್ಕಿಗೆ ತಗೊಳ್ಳಿ. ರಿಕವರಿ ಕೀನ ಪೇಪರಲ್ಲಿ ಬರ್ಕೊಳ್ಳಿ, ಆಮೇಲೆ ಸೆಟ್ಟಿಂಗ್ಸಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ ಪೂರ್ತಿ ಮುಗಿಯೋವರ್ಗೂ ಕಾಯಿರಿ. ಪವರ್ ಆಪ್ಷನ್ಸಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೀರಿ, ಅದಿದ್ರೆ ಶಟ್‌ಡೌನ್ ಅಂದ್ರೂ ವಿಂಡೋಸ್ ಅರೆನಿದ್ದೆಲಿರುತ್ತೆ, ಉಬುಂಟುಲಿ ಆ ಡ್ರೈವ್ ಓದೋಕೆ ಬಂದ್ರೂ ಬರೆಯೋಕೆ ಬರಲ್ಲ. ಕೊನೇಗೆ ಡಿಸ್ಕ್ ಮ್ಯಾನೇಜ್ಮೆಂಟಲ್ಲಿ ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಶ್ರಿಂಕ್ ವಾಲ್ಯೂಮ್ ಒತ್ತಿ, 100000 ಎಂಬಿ ಕೊಡಿ, ಸುಮಾರು 100 ಜಿಬಿ, ನಿಮ್ಗೆ ಧಾರಾಳ. ಮೇಲೆ ಕಪ್ಪು ಪಟ್ಟಿ ಇರೋ ಅನ್‌ಅಲೊಕೇಟೆಡ್ ಜಾಗ ಕಾಣುತ್ತೆ. ಅದನ್ನ ಡಿ ಡ್ರೈವ್ ಮಾಡೋಕೆ ಹೋಗ್ಬೇಡಿ, ಹಾಗೇ ಬಿಡಿ, ಉಬುಂಟು ಅಲ್ಲಿಗೇ ಹೋಗೋದು.

ಸೆಕ್ಯೂರ್ ಬೂಟ್ ಆಫ್ ಮಾಡೋ ಅಗತ್ಯಾನೇ ಇಲ್ಲ, ಉಬುಂಟು ಅದು ಆನ್ ಇದ್ರೂ ಬೂಟ್ ಆಗುತ್ತೆ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಪಕ್ಕದಲ್ಲಿ ಹಾಕು ಅನ್ನೋ ಆಯ್ಕೆ ತಗೊಳ್ಳಿ, ಇರೇಸ್ ಡಿಸ್ಕ್ ಅಂತ ಇರೋದರ ಹತ್ರನೂ ಹೋಗ್ಬೇಡಿ, ಅದು ಪೂರ್ತಿ ಎಸ್‌ಎಸ್‌ಡಿ ಗುಡಿಸಿ ಹಾಕುತ್ತೆ. ಮ್ಯಾನುಯಲ್ ಆಗಿ ಹಾಕೋದಾದ್ರೆ ಚಿಕ್ಕದೊಂದು ಇಎಫ್‌ಐ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಇರುತ್ತೆ, ವಿಂಡೋಸ್ ಬೂಟ್ ಫೈಲ್ ಅದ್ರಲ್ಲೇ ಇರೋದು, ಬಳಸ್ಕೊಳ್ಳಿ ಆದ್ರೆ ಫಾರ್ಮ್ಯಾಟ್ ಟಿಕ್ ಮಾಡ್ಬೇಡಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್, ಫ್ರೆಂಡ್‌ಗೆ ಕೀ ಸಿಕ್ತು, ಓಪನ್ ಆಯ್ತು! ನಂದ್ರಲ್ಲಿ ಉಬುಂಟು ಇನ್‌ಸ್ಟಾಲರಿಗೆ ಎಸ್‌ಎಸ್‌ಡಿನೇ ಕಾಣ್ತಿಲ್ಲ, ಬರೀ ಪೆನ್‌ಡ್ರೈವ್ ತೋರ್ಸ್ತಿದೆ.

ಉತ್ತರ: ಇಂಟೆಲ್ ಪ್ರೊಸೆಸರ್ ಇದ್ರೆ ಬಯೋಸಲ್ಲಿ ಸ್ಟೋರೇಜು ಆರ್‌ಎಸ್‌ಟಿ ಅಥವಾ ವಿಎಂಡಿ ಅನ್ನೋ ಇಂಟೆಲ್ ಮೋಡಲ್ಲಿ ಇರ್ಬೋದು, ಎಎಚ್‌ಸಿಐ ಅನ್ನೋ ಸಾಮಾನ್ಯ ಮೋಡಿಗೆ ಬದಲಾಯ್ಸಿದ್ರೆ ಇನ್‌ಸ್ಟಾಲರಿಗೆ ಕಾಣ್ಬೇಕು. ಆದ್ರೆ ಸೀದಾ ಬದಲಾಯ್ಸಿದ್ರೆ ವಿಂಡೋಸ್ ಬೂಟ್ ಆಗದೇ ಹೋಗ್ಬೋದು. ಮೊದ್ಲು ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ (msconfig) ತೆಗೆದು ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ ಬಯೋಸಿಗೆ ಹೋಗಿ ಬದಲಾಯ್ಸಿ, ಸೇಫ್ ಮೋಡಲ್ಲಿ ಒಂದ್ಸಲ ಬೂಟ್ ಆದ್ಮೇಲೆ ಟಿಕ್ ತೆಗೀರಿ.

ಇನ್ನೊಬ್ರ ಪ್ರಶ್ನೆ: ಸರ್, ನಾನು ಡ್ಯುಯಲ್ ಬೂಟ್ (ಎರಡೂ ಒಂದೇ ಲ್ಯಾಪ್‌ಟಾಪಲ್ಲಿ) ಮಾಡ್ಕೊಂಡಿದೀನಿ, ಉಬುಂಟುಯಿಂದ ವಿಂಡೋಸಿಗೆ ಬಂದ್ರೆ ಗಡಿಯಾರ ಹಿಂದೆ ಹೋಗಿರುತ್ತೆ. ಬ್ಯಾಟರಿ ಹೋಯ್ತಾ? ಮತ್ತೆ ಮುಂದೆ ಉಬುಂಟು ಬೇಡ ಅನ್ಸಿದ್ರೆ ಆ ಪಾರ್ಟಿಷನ್ ಡಿಲೀಟ್ ಮಾಡಿದ್ರೆ ಸಾಕಾ?

ಉತ್ತರ: ನೋಡಿ, ಸರಿಯಾಗಿ ಐದೂವರೆ ಗಂಟೆ ಹಿಂದೆ ಇದ್ರೆ ಬ್ಯಾಟರಿದಲ್ಲ. ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರೋ ಅಂತರರಾಷ್ಟ್ರೀಯ ಟೈಮ್) ಇಡುತ್ತೆ, ವಿಂಡೋಸ್ ಅದನ್ನೇ ನಮ್ಮ ಊರಿನ ಟೈಮ್ ಅಂದ್ಕೊಳುತ್ತೆ. ಉಬುಂಟು ಟರ್ಮಿನಲಲ್ಲಿ timedatectl set-local-rtc 1 ಅಂತ ಒಂದು ಕಮಾಂಡ್ ಕೊಡಿ, ಅದು ಎಚ್ಚರಿಕೆ ಕೊಡುತ್ತೆ, ಆದ್ರೆ ಭಾರತದಲ್ಲಿ ಬೇಸಿಗೆಗೊಂದು ಟೈಮ್ ಚಳಿಗೊಂದು ಟೈಮ್ ಇಲ್ವಲ್ಲ, ಏನೂ ತೊಂದ್ರೆ ಆಗಲ್ಲ.

ಡಿಲೀಟ್ ವಿಷಯ, ಸುಮ್ನೆ ಪಾರ್ಟಿಷನ್ ಅಳಿಸಿದ್ರೆ ಮುಂದಿನ ಸಲ ಗ್ರಬ್ (ಉಬುಂಟು ಹಾಕೋ ಬೂಟ್ ಮೆನು) ಅಂತ ಕಪ್ಪು ಸ್ಕ್ರೀನಲ್ಲಿ ನಿಲ್ಲುತ್ತೆ. ಮೊದ್ಲು ಬಯೋಸಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನ ಪಟ್ಟಿಯ ಮೇಲಕ್ಕೆ ತನ್ನಿ, ವಿಂಡೋಸ್ ಸೀದಾ ಬರ್ತಿದೆ ಅಂತ ನೋಡ್ಕೊಂಡು ಆಮೇಲೆ ಅಳಿಸಿ.