4 ಅಡಿ ಟ್ಯಾಂಕಿಗೆ ಮಲಾವಿ ಸಿಕ್ಲಿಡ್: ಎಷ್ಟು ಮೀನು, ಬೋರ್‌ವೆಲ್ ನೀರು ಆಗುತ್ತಾ?

ಹೊಸ_ಟ್ಯಾಂಕ್:
ಟ್ಯಾಂಕ್ 4 × 1.5 × 1.5 ಅಡಿ. ಮಲಾವಿ ಸರೋವರದ ಎಂಬುನಾ (ಕಲ್ಲುಗಳ ನಡುವೆ ಬದುಕುವ ಸಿಕ್ಲಿಡ್ ಮೀನು) ಮಾತ್ರ ಸಾಕುವ ಯೋಚನೆ. ಬೋರ್‌ವೆಲ್ ನೀರು, ಪಿಎಚ್ 7.8, ಟಿಡಿಎಸ್ (ಕರಗಿದ ಲವಣದ ಪ್ರಮಾಣ) 650, ಸಾಫ್ಟ್‌ನರ್ ದಾಟಿ ಬರುತ್ತದೆ. ಅಂಗಡಿಯಲ್ಲಿ ‘ಮಿಕ್ಸ್ ಆಫ್ರಿಕನ್’ ಆರು ಮರಿ ಸಾಕು, ಆರ್‌ಒ ನೀರು ಬೆರೆಸಿ ಅಂತಾರೆ. ಸರಿನಾ?

ಕಲ್ಲುಸಂದಿ:
ಎರಡೂ ಬೇಡ. ಎಂಬುನಾಗೆ ಬೇಕಾದ ಪಿಎಚ್ 7.8ರಿಂದ 8.6, ಗಡಸು ನೀರು. ನಿಮ್ಮ ಬೋರ್ ನೀರು ಹೇಳಿ ಮಾಡಿಸಿದ ಹಾಗಿದೆ. ಆದರೆ ಸಾಫ್ಟ್‌ನರ್‌ಗಿಂತ ಮುಂಚಿನ ನಲ್ಲಿಯಿಂದ ಹಿಡಿಯಿರಿ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ, ಟಿಡಿಎಸ್ ಮೀಟರಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ನೈಟ್ರೇಟ್ ಒಮ್ಮೆ ಟೆಸ್ಟ್ ಮಾಡಿ. ಬೋರ್‌ನಲ್ಲೇ 40 ಪಿಪಿಎಂ ದಾಟಿದ್ದರೆ ಆಗ ಮಾತ್ರ ಆರ್‌ಒ ಬೆರೆಸಿ.

ಆರು ಮೀನು ಬಿಟ್ಟರೆ ಕೊನೆಗೆ ಒಂದೇ ಉಳಿಯುತ್ತದೆ. ಗಂಡು ಒಂದು ಸಂದಿ ಹಿಡಿದು ಕಾಯುತ್ತದೆ. ಮೀನು ಕಡಿಮೆಯಿದ್ದರೆ ಅದರ ಹೊಡೆತವೆಲ್ಲ ಒಂದೆರಡರ ಮೇಲೇ. 18–20 ಇರಲಿ, ಮೂರು ಜಾತಿ, ಗಂಡೊಂದಕ್ಕೆ ಮೂರ್ನಾಲ್ಕು ಹೆಣ್ಣು. ಯೆಲ್ಲೋ ಲ್ಯಾಬ್, ರಸ್ಟಿ, ಅಸೈ ಒಟ್ಟಿಗೆ ಹೊಂದುತ್ತವೆ. ‘ಮಿಕ್ಸ್’ ಕವರಿನಲ್ಲಿ ಆರಾಟಸ್, ಕೆನ್ಯಿ ಇದ್ದೇ ಇರುತ್ತವೆ, ಮರಿಯಾಗಿದ್ದಾಗ ಚಂದ, ಬೆಳೆದರೆ ರೌಡಿಗಳು. ಲ್ಯಾಬ್ ಜೊತೆ ರೆಡ್ ಜೀಬ್ರಾ ಬೇಡ, ಬೆರಕೆ ಮರಿ ಹುಟ್ಟುತ್ತವೆ.

ಸ್ಪಾಂಜ್_ಭಟ್:
ಇಷ್ಟು ಮೀನು ಅಂದಮೇಲೆ ಫಿಲ್ಟರ್‌ನಲ್ಲಿ ಜಿಪುಣತನ ಮಾಡಬೇಡಿ. ಟ್ಯಾಂಕ್ 250 ಲೀಟರ್ ಹಿಡಿಯುತ್ತದೆ. ಗಂಟೆಗೆ 2,000 ಲೀಟರ್ ಹರಿವು ಬೇಕು. ಒಂದರ ಬದಲು ಎರಡು ಫಿಲ್ಟರ್ ಹಾಕಿದರೆ ಒಂದು ಕೈಕೊಟ್ಟರೂ ನಡೆಯುತ್ತದೆ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್.

ಸೈಕಲ್ ಆಗದೆ, ಅಂದರೆ ಮೀನಿನ ಕೊಳೆಯ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯದೆ, ಮೀನು ಬಿಡಲೇಬೇಡಿ. ಪಿಎಚ್ 7ರಲ್ಲಿ ಅಮೋನಿಯಾದ ವಿಷರೂಪ 1%ಕ್ಕೂ ಕಡಿಮೆ, 8.2ರಲ್ಲಿ ಸುಮಾರು 9%. ಬೇರೆ ಟ್ಯಾಂಕಿನಲ್ಲಿ ತಡೆದುಕೊಳ್ಳುವಷ್ಟು ಅಮೋನಿಯಾ ಇಲ್ಲಿ ಕೊಲ್ಲುತ್ತದೆ. ಓಡುತ್ತಿರುವ ಟ್ಯಾಂಕಿನ ಹಳೇ ಸ್ಪಾಂಜ್ ಸಿಕ್ಕರೆ ಬೇಗ ಆಗುತ್ತದೆ, ಇಲ್ಲವಾದರೆ 4ರಿಂದ 6 ವಾರ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಎಲ್ಲ ಮರಿಗಳನ್ನೂ ಒಟ್ಟಿಗೆ ಬಿಡಿ. ಮೊದಲು ಬಂದದ್ದು ಜಾಗ ಹಿಡಿದು ಕೂರಬಾರದು. ಆಮೇಲೆ ವಾರಕ್ಕೆ 30–40% ನೀರು ಬದಲಿಸಿ.

ಹೊಸ_ಟ್ಯಾಂಕ್:
ಕಲ್ಲು ಯಾವುದು? ಬ್ಲಡ್‌ವರ್ಮ್ ಕೊಡಬಹುದಾ?

ಕಲ್ಲುಸಂದಿ:
ಗ್ರಾನೈಟ್, ಹೊಳೆಗುಂಡು ಯಾವುದಾದರೂ. ನಿಂಬೆರಸಕ್ಕೆ ನೊರೆ ಬರುವ ಸುಣ್ಣದ ಕಲ್ಲಾದರೂ ಈ ಟ್ಯಾಂಕಿಗೆ ತೊಂದರೆಯಿಲ್ಲ. ಮೊದಲು ತಳಕ್ಕೆ ತೆಳು ಥರ್ಮಾಕೋಲ್, ಅದರ ಮೇಲೆ ಕಲ್ಲು, ಕೊನೆಗೆ ಮರಳು. ಮರಳಿನ ಮೇಲೆ ಕಲ್ಲಿಟ್ಟರೆ ಇವು ಅಡಿ ತೋಡುತ್ತವೆ, ಕಲ್ಲು ಉರುಳಿ ಗಾಜು ಒಡೆಯುತ್ತದೆ.

ಬ್ಲಡ್‌ವರ್ಮ್, ಟ್ಯೂಬಿಫೆಕ್ಸ್ ಥರದ ಹುಳು ಬೇಡ. ಎಂಬುನಾ ಮುಖ್ಯವಾಗಿ ಕಲ್ಲಿನ ಪಾಚಿ ಕೆರೆದು ತಿನ್ನುವ ಮೀನು. ಸ್ಪಿರುಲಿನಾ ಪೆಲೆಟ್, ದಿನಕ್ಕೆರಡು ಸಲ, ಒಂದು ನಿಮಿಷದಲ್ಲಿ ಖಾಲಿಯಾಗುವಷ್ಟು. ಕೊಬ್ಬಿನ ಆಹಾರ, ಒತ್ತಡ ಎರಡೂ ಸೇರಿದರೆ ಬ್ಲೋಟ್ ಬರುತ್ತದೆ: ಊಟ ಬಿಡುತ್ತದೆ, ಬಿಳಿ ದಾರದಂಥ ಮಲ, ಆಮೇಲೆ ಹೊಟ್ಟೆ ಉಬ್ಬುತ್ತದೆ. ಉಬ್ಬಿದ ಮೇಲೆ ಉಳಿಯುವುದು ಅಪರೂಪ.

ಸ್ಪಾಂಜ್_ಭಟ್:
ಹೆಣ್ಣು ಊಟ ಬಿಟ್ಟಿತೆಂದು ತಕ್ಷಣ ಔಷಧಿ ಸುರಿಯಬೇಡಿ. ಹೊಟ್ಟೆಯ ಬದಲು ಗಂಟಲು ಉಬ್ಬಿದ್ದರೆ ಬಾಯಲ್ಲಿ ಮೊಟ್ಟೆ ಇದೆ, ಸುಮಾರು ಮೂರು ವಾರ ಹಾಗೇ ಇರುತ್ತದೆ.