ಸೋನಿಯ ಮುಂದಿನ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 6 (ಪಿಎಸ್6) 2027ರಲ್ಲೇ ಬರಬೇಕಾ, ಇನ್ನೊಂದೆರಡು ವರ್ಷ ತಡೆಯಬೇಕಾ?

ವಿಜಯನಗರ ಪ್ಲೇಯರ್:
ಪಿಎಸ್3 ಬಂದಿದ್ದು 2006ರಲ್ಲಿ, ಪಿಎಸ್4 2013ರಲ್ಲಿ, ಪಿಎಸ್5 2020ರಲ್ಲಿ. ಮೂರೂ ಸಲ ನವೆಂಬರ್, ನಡುವೆ ಏಳೇಳು ವರ್ಷ. ಈ ಲೆಕ್ಕ ಹಿಡ್ಕೊಂಡು 2027ರಲ್ಲಿ ಪಿಎಸ್6 ಬಂದೇ ಬರುತ್ತೆ ಅಂತ ತುಂಬಾ ಜನ ಮಾತಾಡ್ತಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ ವಿನ್ಯಾಸ ಮಾಡೋ ಸೋನಿಯ ಮಾರ್ಕ್ ಸರ್ನಿ ಅವರು ಚಿಪ್ ಕಂಪನಿ ಎಎಂಡಿ ಜೊತೆ ಸೇರಿ ಮಾಡ್ತಿರೋ ಹೊಸ ಗ್ರಾಫಿಕ್ಸ್ ಕೆಲಸ ವಿವರಿಸಿದ್ರಲ್ಲ, ಅದರಲ್ಲಿ ಇದೆಲ್ಲ ಸದ್ಯಕ್ಕೆ ಸಿಮ್ಯುಲೇಶನ್‌ನಲ್ಲಿ ಮಾತ್ರ ಇದೆ, ಕೆಲವು ವರ್ಷಗಳಲ್ಲಿ ಮುಂದಿನ ಕನ್ಸೋಲ್‌ಗೆ ತರೋ ಆಸೆ ಇದೆ ಅಂದ್ರು. ವರ್ಷ ಯಾವುದು ಅಂತ ಹೇಳಲಿಲ್ಲ.

ನನ್ನ ಪ್ರಕಾರ 2027 ಬೇಡ. ಪಿಎಸ್5 ಮೊದಲ ಎರಡು ವರ್ಷ ಅಂಗಡೀಲಿ ನೆಟ್ಟಗೆ ಸಿಗಲೇ ಇಲ್ಲ. ಗ್ರಾನ್ ಟುರಿಸ್ಮೊ 7, ಗಾಡ್ ಆಫ್ ವಾರ್ ರಾಗ್ನರಾಕ್ ಅನ್ನೋ ದೊಡ್ಡ ಗೇಮ್‌ಗಳು ಎರಡೂ 2022ರಲ್ಲಿ ಪಿಎಸ್4ಗೂ ಬಂದ್ವು, ಅಂದ್ರೆ ಪಿಎಸ್5 ಸರಿಯಾಗಿ ಶುರುವಾಗಿದ್ದೇ ತಡವಾಗಿ. ಈಗ ಎಲ್ಲರೂ ಕಾಯ್ತಿರೋ ಗೇಮ್ ಜಿಟಿಎ 6 (ಗ್ರ್ಯಾಂಡ್ ಥೆಫ್ಟ್ ಆಟೋ) ಎರಡು ಸಲ ಮುಂದಕ್ಕೆ ಹೋಗಿ 2026ರ ನವೆಂಬರ್ 19ಕ್ಕೆ ನಿಂತಿದೆ. ಅದೊಂದಕ್ಕೋಸ್ಕರ ಪಿಎಸ್5 ತಗೊಳ್ಳೋ ಜನ ಎಷ್ಟಿರ್ತಾರೆ ಯೋಚನೆ ಮಾಡಿ. ಅವರು ದುಡ್ಡು ಕೊಟ್ಟು ಒಂದು ವರ್ಷ ಆಗೋದ್ರೊಳಗೆ ‘ನಿಮ್ಮದು ಹಳೇದಾಯ್ತು’ ಅನ್ನೋದು ಯಾವ ನ್ಯಾಯ?

ದಾವಣಗೆರೆ ಎಕ್ಸ್‌ಬಾಕ್ಸ್:
ನ್ಯಾಯದ ಮಾತು ಬೇರೆ, ವ್ಯಾಪಾರ ಬೇರೆ ಸರ್. ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ 360 ನೋಡಿ. 2005ರ ನವೆಂಬರ್‌ನಲ್ಲಿ, ಪಿಎಸ್3ಗಿಂತ ಒಂದು ವರ್ಷ ಮೊದಲೇ ಬಂತು. ಹಿಂದಿನ ಎಕ್ಸ್‌ಬಾಕ್ಸ್‌ಗೆ ಆಗ ಇನ್ನೂ ನಾಲ್ಕೇ ವರ್ಷ. ಪಿಎಸ್3 ಬರೋ ಹೊತ್ತಿಗೆ ಜನರ ಮನೇಲಿ 360 ಇತ್ತು, ಸ್ನೇಹಿತರೆಲ್ಲ ಅದರಲ್ಲೇ ಆನ್‌ಲೈನ್ ಆಡ್ತಿದ್ರು. ಹಿಂದಿನದನ್ನ ಎರಡು ಕೋಟಿ ನಲವತ್ತು ಲಕ್ಷ ಮಾರಿದ್ದ ಕಂಪನಿ 360ಯಲ್ಲಿ ಎಂಟು ಕೋಟಿ ದಾಟಿತು. 2025ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಕೂಡ ಮುಂದಿನ ತಲೆಮಾರಿಗೆ ಎಎಂಡಿ ಜೊತೆ ಒಪ್ಪಂದ ಆಗಿದೆ ಅಂತ ಹೇಳಿದೆ. ಸೋನಿ 2029ರವರೆಗೆ ಕೂತ್ರೆ ಮೈಕ್ರೋಸಾಫ್ಟ್‌ನವರೇ ಮೊದಲು ಬರ್ತಾರೆ.

ನ್ಯೂಜೆರ್ಸಿ ಕನ್ನಡಿಗ:
ಆ ಒಂದು ವರ್ಷದ ಮುನ್ನಡೆಗೆ ಕೊಟ್ಟ ಬೆಲೆಯನ್ನೂ ಹೇಳಬೇಕಲ್ಲ. ಮೂರು ಕೆಂಪು ದೀಪ ಹೊತ್ತಿ ಸತ್ತು ಹೋಗುತ್ತಿದ್ದ ಯಂತ್ರಗಳಿಗಾಗಿ ಮೈಕ್ರೋಸಾಫ್ಟ್ 2007ರ ಜುಲೈನಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ನೂರು ಕೋಟಿ ಡಾಲರ್‌ಗಿಂತ ಹೆಚ್ಚು ತೆಗೆದಿಡಬೇಕಾಯಿತು. ಅಷ್ಟು ಹಣ ಅವರ ಹತ್ತಿರ ಇತ್ತು, ಉಳಿದುಕೊಂಡರು.

ಆಗ ಕನ್ಸೋಲ್ ಮಾಡುತ್ತಿದ್ದ ಜಪಾನಿನ ಸೆಗಾ ಕಂಪನಿ ಹತ್ತಿರ ಇರಲಿಲ್ಲ. 1994ರ ನವೆಂಬರ್‌ನಲ್ಲಿ ಇಲ್ಲಿ ಅಮೆರಿಕದಲ್ಲಿ ತಮ್ಮ ಹಳೆಯ ಕನ್ಸೋಲ್‌ಗೆ ಸೇರಿಸುವ 32ಎಕ್ಸ್ ಅಂತ ಒಂದು ಜೋಡಣೆ ಪೆಟ್ಟಿಗೆ ತಂದರು, ಜನ ಕೊಂಡರು. ಆರು ತಿಂಗಳಾಗಿತ್ತು ಅಷ್ಟೆ. 1995ರ ಮೇ 11ರಂದು ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ನಿಂತು, ಸೆಪ್ಟೆಂಬರ್‌ಗೆ ಬರಬೇಕಿದ್ದ ಹೊಸ ಕನ್ಸೋಲ್ ಸ್ಯಾಟರ್ನ್ ಇವತ್ತೇ ಅಂಗಡಿಯಲ್ಲಿದೆ, 399 ಡಾಲರ್ ಎಂದರು. ಕೆಲವೇ ಅಂಗಡಿ ಸರಣಿಗಳಿಗೆ ಮಾತ್ರ ಸರಕು ಹೋಗಿತ್ತು. ಸಿಗದ ಅಂಗಡಿಯವರು ಮುನಿಸಿಕೊಂಡರು, ಒಂದು ಸರಣಿ ಸೆಗಾ ಸಾಮಾನನ್ನೇ ಇಡುವುದಿಲ್ಲ ಎಂದಿತು. ಸೆಪ್ಟೆಂಬರ್ ಲೆಕ್ಕದಲ್ಲಿ ಗೇಮ್ ಮಾಡುತ್ತಿದ್ದ ಹೊರಗಿನ ಸ್ಟುಡಿಯೋಗಳ ಕೈಯಲ್ಲಿ ಏನೂ ಇರಲಿಲ್ಲ. ಅದೇ ದಿನ ಸೋನಿಯವರು ತಮ್ಮ ಮೊದಲ ಪ್ಲೇಸ್ಟೇಷನ್ ಬೆಲೆ ಹೇಳಲು ವೇದಿಕೆಗೆ ಬಂದು ‘299’ ಎಂದಷ್ಟೇ ಹೇಳಿ ಇಳಿದರು. ಆಮೇಲೆ ಬಂದ ಸೆಗಾದ ಡ್ರೀಮ್‌ಕಾಸ್ಟ್ ಒಳ್ಳೆಯ ಯಂತ್ರ. ಆದರೆ 32ಎಕ್ಸ್ ಕೊಂಡು ಕೈ ಸುಟ್ಟುಕೊಂಡವರು, ಪಿಎಸ್2 ಬರಲಿ ನೋಡೋಣ ಎಂದು ಕಾದರು. 2001ರ ಜನವರಿ 31ರಂದು ಸೆಗಾ ಕನ್ಸೋಲ್ ಮಾಡುವುದನ್ನೇ ನಿಲ್ಲಿಸುವುದಾಗಿ ಹೇಳಿತು. ನನಗದು ಇವತ್ತಿಗೂ ಬೇಜಾರು.

ಹುಬ್ಬಳ್ಳಿ ಪಾರ್ಲರ್:
ನಂದು ಸಣ್ಣ ಗೇಮ್ ಪಾರ್ಲರ್ ರೀ. ನಾಕು ಪಿಎಸ್4, ಎರಡು ಪಿಎಸ್5 ಅದಾವ. ತಾಸಿಗೆ ಪಿಎಸ್4ಕ್ಕ 50 ರೂಪಾಯಿ, ಪಿಎಸ್5ಕ್ಕ 80. ಕಾಲೇಜ್ ಬಿಟ್ಟ ಮ್ಯಾಲೆ ಹುಡುಗರು ಬರ್ತಾರ, ಇಬ್ಬರು ಕೂಡಿ ರೊಕ್ಕ ಹಂಚ್ಕೊಂಡು ಫುಟ್‌ಬಾಲ್ ಆಡ್ತಾರ. ಕುಂತ ಕೂಡ್ಲೆ ಮೊದಲ ಕಂಟ್ರೋಲರ್ ಸ್ಟಿಕ್ ಹೆಬ್ಬಟ್ಟಿನಿಂದ ತಿರುವಿ ನೋಡ್ತಾರ. ಸಡಲ ಆಗಿದ್ರ ಬ್ಯಾರೆ ಕೊಡ್ರಿ ಅಂತಾರ. ಪಿಎಸ್4 ಐತಿ ಅಂತ ಎದ್ದು ಹೋದಂವ ಒಬ್ಬನೂ ಇಲ್ಲ.

ಮೊದಲ ಹೊಸಾದು ಬರೂದ್ರೊಳಗ ಹಳೇದು ಅಗ್ಗ ಆಗ್ತಿತ್ತು. ಪಿಎಸ್2 ಅಮೆರಿಕಾದಾಗ 299 ಡಾಲರಿಗೆ ಬಂದದ್ದು 2009ಕ್ಕ 99ಕ್ಕ ಇಳೀತು. ಪಿಎಸ್5 ಉಲ್ಟಾ. ಅಲ್ಲಿ 499 ಇದ್ದದ್ದು 2025ರ ಆಗಸ್ಟ್‌ನ್ಯಾಗ 549 ಆತು. ಇಲ್ಲಿ 49,990 ಇದ್ದದ್ದು 54,990 ಆತು. ಹಳೇದರ ರೇಟ್ ಇಳಿಯೂತನಕ ಹೊಸಾದು ತರಬಾರದು, ಇಷ್ಟ ನನ್ನ ಮಾತು.

ಕೋಡ್ ಕಾಫಿ:
ಅಣ್ಣ, ಹಾಗೆ ಕಾದ್ರೆ ಪಿಎಸ್6 ಯಾವತ್ತೂ ಬರಲ್ಲ. ಆಗ ಬೆಲೆ ಇಳೀತಿದ್ದಿದ್ದು ಯಾಕೆ ಅಂದ್ರೆ, ಎರಡು ಮೂರು ವರ್ಷಕ್ಕೊಮ್ಮೆ ಅದೇ ಚಿಪ್ಪನ್ನ ಇನ್ನೂ ಚಿಕ್ಕದಾಗಿ, ಇನ್ನೂ ಅಗ್ಗವಾಗಿ ಮಾಡೋಕೆ ಆಗ್ತಿತ್ತು. ಈಗ ಚಿಕ್ಕದು ಮಾಡೋದೇ ದುಬಾರಿ ಕೆಲಸ. ಬೆಲೆ ಇಳಿಯೋ ಆ ಕಾಲ ಮುಗೀತು.

ನಾನು ಒಂದು ಗೇಮ್ ಸ್ಟುಡಿಯೋದಲ್ಲಿ ಲೆವೆಲ್, ಅಂದ್ರೆ ಗೇಮ್‌ನ ಒಂದೊಂದು ಜಾಗ ಕಟ್ಟೋ ಕೆಲಸ ಮಾಡ್ತೀನಿ. ತಡ ಆದ್ರೆ ಏನಾಗುತ್ತೆ ಅಂತ ನಮಗೆ ಗೊತ್ತು. ಎಷ್ಟೋ ಗೇಮ್‌ಗಳಲ್ಲಿ ಹೀರೋ ಎರಡು ಬಂಡೆ ಸಂದಿಯಲ್ಲಿ ಎದೆ ಉಜ್ಜಿಕೊಂಡು, ಅಡ್ಡಡ್ಡ ಹೆಜ್ಜೆ ಇಟ್ಟು ನಿಧಾನ ನುಸುಳ್ತಾನಲ್ಲ, ಅದು ಬರೀ ಕಥೆಗೋಸ್ಕರ ಅಲ್ಲ. ಆ ಹತ್ತು ಹದಿನೈದು ಸೆಕೆಂಡಲ್ಲಿ ಪಿಎಸ್4ನ ಹಾರ್ಡ್ ಡಿಸ್ಕ್ ಮುಂದಿನ ಜಾಗವನ್ನ ಮೆಮೊರಿಗೆ ತುಂಬ್ತಿರುತ್ತೆ. ಪಿಎಸ್5ನಲ್ಲಿ ಹಾರ್ಡ್ ಡಿಸ್ಕ್ ಬದಲಿಗೆ ಇರೋ ವೇಗದ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಜಿಬಿ ಓದುತ್ತೆ, ಆ ಸಂದಿ ಬೇಡವೇ ಬೇಡ. ಆದ್ರೂ ಪಿಎಸ್4ಗೂ ಗೇಮ್ ಬರಬೇಕು ಅಂದಾಗ ಸಂದಿ ಹಾಗೇ ಉಳೀತು.

ಹಾಗಂತ 2027 ಅಂತ ನಾನು ಹಟ ಹಿಡಿಯಲ್ಲ. ನನಗೆ ಭಯ ಇರೋದು ಮೆಮೊರಿ ಬಗ್ಗೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ 2025ರ ಕೊನೆಯಿಂದ ಮೆಮೊರಿ (ರ್‍ಯಾಮ್) ಬೆಲೆ ಗಗನಕ್ಕೇರಿದೆ. ಈ ಹೊತ್ತಲ್ಲಿ ಕನ್ಸೋಲ್ ವಿನ್ಯಾಸ ಗಟ್ಟಿ ಮಾಡಿದ್ರೆ, ದರ ಏರಿಸಬೇಕು, ಇಲ್ಲ ಮೆಮೊರಿ ಕತ್ತರಿಸಬೇಕು. ಕತ್ತರಿಸಿದ್ದಕ್ಕೆ ಸೀರೀಸ್ ಎಕ್ಸ್ ಎಕ್ಸ್‌ಬಾಕ್ಸ್‌ನ ಅಗ್ಗದ ತಮ್ಮ, ಸೀರೀಸ್ ಎಸ್ ಸಾಕ್ಷಿ. ಸೀರೀಸ್ ಎಕ್ಸ್‌ನಲ್ಲಿ 16 ಜಿಬಿ, ಇದರಲ್ಲಿ 10. ಬಾಲ್ಡರ್ಸ್ ಗೇಟ್ 3 ಅನ್ನೋ ಗೇಮ್ ಪಿಎಸ್5ಗೆ 2023ರ ಸೆಪ್ಟೆಂಬರ್‌ನಲ್ಲಿ ಬಂತು, ಎಕ್ಸ್‌ಬಾಕ್ಸ್‌ಗೆ ಡಿಸೆಂಬರ್‌ನಲ್ಲಿ. ಸೀರೀಸ್ ಎಸ್‌ನಲ್ಲಿ ಇಬ್ಬರು ಒಂದೇ ಪರದೆಯಲ್ಲಿ ಆಡೋ ಸೌಲಭ್ಯವನ್ನ ಆಗ ಬಿಟ್ಟೇ ಕೊಡಬೇಕಾಯ್ತು. ಅಂಥ ಪೆಟ್ಟಿಗೆ ಒಮ್ಮೆ ಮಾರಿದ್ರೆ ಎಂಟು ವರ್ಷ ಎಲ್ಲರೂ ಅದರ ಅಳತೆಗೇ ಹೊಲೀಬೇಕು. ಒಂದು ವರ್ಷ ತಡವಾದ್ರೂ ಪರವಾಗಿಲ್ಲ, ಮೆಮೊರಿಯಲ್ಲಿ ಜಿಪುಣತನ ಬೇಡ.

ಕುಡ್ಲ ಸ್ವಿಚ್:
ನಿಂಟೆಂಡೊ ಬಗ್ಗೆ ಯಾರೂ ಮಾತಾಡುದೇ ಇಲ್ಲ ಅಲ್ವಾ ಮಾರಾಯ್ರೆ? ಅವರ ಕನ್ಸೋಲ್ ಸ್ವಿಚ್ 2017ರ ಮಾರ್ಚ್ 3ಕ್ಕೆ ಬಂತು, ಸ್ವಿಚ್ 2 ಬಂದದ್ದು 2025ರ ಜೂನ್ 5ಕ್ಕೆ. ಎಂಟು ವರ್ಷ ಮೂರು ತಿಂಗಳು. ತಡ ಆಯ್ತು ಅಂತ ಎಲ್ಲರೂ ಬೈದದ್ದುಂಟು. ಬಂದ ನಾಲ್ಕೇ ದಿನದಲ್ಲಿ 35 ಲಕ್ಷ ಹೋಯ್ತು, ಯಾಕೆಂದ್ರೆ ಸಾಕಷ್ಟು ಮಾಡಿ ಇಟ್ಟ ಮೇಲೆಯೇ ಬಾಗಿಲು ತೆಗೆದದ್ದು. ಮೊದಲ ದಿನವೇ ಹೊಸ ಮಾರಿಯೊ ಕಾರ್ಟ್ ಗೇಮ್ ಕೂಡ ಇತ್ತು. ಹತ್ತು ಕೋಟಿ ಮಾರಿದ ಹಳೇ ಕನ್ಸೋಲ್ ವೀ ಆದ ಮೇಲೆ 2012ರಲ್ಲಿ ವೀ ಯು ತಂದಾಗ ಆಟವೂ ಸಾಲಲಿಲ್ಲ, ಅದು ಹೊಸ ಕನ್ಸೋಲ್ ಅಂತ ಜನರಿಗೆ ಗೊತ್ತೂ ಆಗಲಿಲ್ಲ. ಒಂದು ಕೋಟಿ 35 ಲಕ್ಷಕ್ಕೆ ನಿಂತಿತು. ನಮ್ಮ ದೇಶದಲ್ಲಿ ನಿಂಟೆಂಡೊ ಅಧಿಕೃತವಾಗಿ ಮಾರುದೇ ಇಲ್ಲ, ನಾನು ದುಬೈಯಿಂದ ಬರುವ ಭಾವನ ಹತ್ರ ತರಿಸಿದ್ದು.

ವಿಜಯನಗರ ಪ್ಲೇಯರ್:
ನೀವು ಹೇಳಿದ ಕೊನೇ ಮಾತು ನನ್ನ ಹೊಟ್ಟೆಯಲ್ಲಿದ್ದದ್ದೇ. ಪಿಎಸ್5 ಹೊರಗೆ 2020ರ ನವೆಂಬರ್‌ನಲ್ಲಿ ಬಂತು, ನಮಗೆ 2021ರ ಫೆಬ್ರುವರಿ 2ಕ್ಕೆ. ಅದರ ಇನ್ನೂ ಶಕ್ತಿಯ ಮಾದರಿ ಪಿಎಸ್5 ಪ್ರೊ 2024ರ ನವೆಂಬರ್‌ನಲ್ಲಿ ಬಂದಾಗ ಭಾರತಕ್ಕೆ ಇಲ್ಲವೇ ಇಲ್ಲ ಅಂದ್ರು. ಅದರ ವೈ-ಫೈ ಬಳಸೋ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಆಗ ಅನುಮತಿ ಇರಲಿಲ್ಲ. ಪಿಎಸ್6ಗೆ ಇಂಥ ಕಾಗದ ಪತ್ರದ ಕೆಲಸ ಎಲ್ಲ ಮೊದಲೇ ಮುಗಿಸಲಿ. 2028ರ ನವೆಂಬರ್ ಅಂತಿಟ್ಟು, ಒಂದು ವರ್ಷ ಮೊದಲೇ ಬಾಯಿ ಬಿಟ್ಟು ಹೇಳಲಿ. ಈಗ ಪಿಎಸ್5 ತಗೊಳ್ಳೋನಿಗೂ ಎರಡು ವರ್ಷ ನೆಮ್ಮದಿ ಸಿಗುತ್ತೆ.

ದಾವಣಗೆರೆ ಎಕ್ಸ್‌ಬಾಕ್ಸ್:
ಸೆಗಾ ವಿಷಯ ಒಪ್ಪಿದೆ ಸರ್, ಅಂಗಡಿಯವರಿಗೂ ಹೇಳದೆ ಬಂದಿದ್ದು ತಪ್ಪೇ. ಆದ್ರೆ ಹೇಳಿ ಕೇಳಿ, ತಯಾರಾಗಿ ಒಂದು ವರ್ಷ ಮೊದಲು ಬರೋದು ತಪ್ಪಲ್ಲ. ಆ ಮಾತಿಂದ ನಾನು ಕದಲಲ್ಲ.

ಹುಬ್ಬಳ್ಳಿ ಪಾರ್ಲರ್:
ರೇಟ್ ಇಳಿಯೂದಿಲ್ಲ ಅಂತ ಕಾಫಿ ತಮ್ಮ ಹೇಳಿದ್ದು ಕೇಳಿ ಮನಸಿಗೆ ಕೆಟ್ಟನಿಸ್ತು, ಖರೇ ಇರಬಹುದು. ಹಂಗಿದ್ರ ಕಾಯೂದ್ರಾಗ ಏನೂ ಇಲ್ಲ. ನವೆಂಬರ್‌ನ್ಯಾಗ ಜಿಟಿಎ ಬಂದ್ರ ಹುಡುಗರು ಸಾಲುಗಟ್ಟಿ ನಿಲ್ತಾರ. ದಸರಾ ಮುಗಿಯೂದ್ರೊಳಗ ಇನ್ನೊಂದು ಪಿಎಸ್5 ತಂದು ಕಿಡಕಿ ಬಾಜೂ ಟಿವಿಗೆ ಹಚ್ಚತೀನಿ.